‘ಎ’ನಾ, ‘ದಿ’ನಾ? ಒಂದೇ ಪ್ರಶ್ನೆ ಕೇಳಿಕೊಳ್ಳಿ ಸಾಕು

ಕ್ಲೈಂಟ್‌ಗೆ ಮೇಲ್ ಟೈಪ್ ಮಾಡ್ತಾ ಇದ್ದೀರಿ. ಸ್ಪೆಲಿಂಗ್ ಸರಿಯಿದೆ, ಟೆನ್ಸ್ ಸರಿಯಿದೆ. ಆದರೆ ‘ಸರ್ವರ್’ ಅನ್ನೋ ಪದ ಬಂದ ಕೂಡಲೇ ಬೆರಳು ನಿಲ್ಲುತ್ತೆ. ‘ಎ ಸರ್ವರ್’ ಅನ್ನಬೇಕಾ? ‘ದಿ ಸರ್ವರ್’ ಅನ್ನಬೇಕಾ? ಬರೀ ‘ಸರ್ವರ್’ ಸಾಕಾ? ಕೊನೆಗೆ ಕಿವಿಗೆ ಯಾವುದು ಸರಿ ಅನಿಸುತ್ತೋ ಅದನ್ನ ಹಾಕಿ ಸೆಂಡ್ ಒತ್ತುತ್ತೀರಿ.

‘ಮೊದಲ ಸಲ ಹೇಳಿದರೆ ಎ, ಎರಡನೇ ಸಲ ದಿ. ಸೂರ್ಯ, ಚಂದ್ರರಿಗೆ ಯಾವಾಗಲೂ ದಿ’ ಅಂತ ಶಾಲೆಯಲ್ಲಿ ಕಲಿತದ್ದು ತಪ್ಪಲ್ಲ. ಆದರೆ ಅದು ಯಾಕೆ ಹಾಗೆ ಅನ್ನೋದನ್ನ ಬಹುತೇಕ ಯಾರೂ ಹೇಳಿಕೊಡಲಿಲ್ಲ. ‘ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಅದಕ್ಕೇ ನಮಗೆ ಕಷ್ಟ’ ಅಂತ ಹೇಳಿ ಮುಗಿಸಿಬಿಡುತ್ತೇವೆ. ಈ ಮಾತು ಅರ್ಧ ಮಾತ್ರ ನಿಜ.

ಅಜ್ಜಿ ಕಥೆಯಲ್ಲೇ ಇದೆ

‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು.’ ಮೊದಲು ‘ಒಬ್ಬ’, ಆಮೇಲೆ ‘ಆ’. ಎರಡನೇ ವಾಕ್ಯದಲ್ಲೂ ‘ಒಬ್ಬ ರಾಜನಿಗೆ ಮೂವರು ಮಕ್ಕಳು’ ಅಂದರೆ ಕೇಳುತ್ತಿರುವ ಮಗು ‘ಇವನು ಬೇರೆ ರಾಜನಾ?’ ಅಂತ ಕೇಳುತ್ತೆ. ವ್ಯಾಕರಣ ಗೊತ್ತಿಲ್ಲದ ಮಗುವಿಗೂ ಈ ವ್ಯತ್ಯಾಸ ಗೊತ್ತು.

ಇನ್ನೂ ಒಂದು ಉದಾಹರಣೆ ನೋಡಿ. ‘ಅವನು ಹುಡುಗಿ ನೋಡೋಕೆ ಹೋದ’ ಅಂದರೆ ಮದುವೆ ಮಾತುಕತೆ ಶುರುವಾಗಿದೆ ಅಂತ ಅರ್ಥ. ‘ಅವನು ಹುಡುಗೀನ ನೋಡೋಕೆ ಹೋದ’ ಅಂದರೆ? ಯಾವ ಹುಡುಗಿ ಅನ್ನೋದು ಇಬ್ಬರಿಗೂ ಗೊತ್ತಿದೆ, ವಿಷಯ ಆಗಲೇ ಮುಂದುವರಿದಿದೆ! ವಿಭಕ್ತಿಯ ಒಂದು ಸಣ್ಣ ‘ನ’ ಇಷ್ಟೆಲ್ಲ ಹೇಳಿಬಿಡುತ್ತೆ.

ಇಂಗ್ಲಿಷಿನ ಆರ್ಟಿಕಲ್‌ಗಳು ಹುಟ್ಟಿದ್ದೂ ಇಂಥ ಪದಗಳಿಂದಲೇ. ‘ಎ’ ಮತ್ತು ‘ಆ್ಯನ್’ ಬಂದಿರುವುದು ಹಳೆಯ ಇಂಗ್ಲಿಷ್‌ನಲ್ಲಿ ‘ಒಂದು’ ಅನ್ನೋ ಅರ್ಥದ ಪದದಿಂದ. ‘ದಿ’ ಬಂದಿರುವುದು ‘ಆ, ಅದು’ ಅಂತ ಬೊಟ್ಟು ಮಾಡಿ ತೋರಿಸುವ ಪದದಿಂದ. ವ್ಯತ್ಯಾಸ ಇಷ್ಟೇ: ಕನ್ನಡದಲ್ಲಿ ಬೇಕಾದಾಗ ಹೇಳುತ್ತೇವೆ, ಇಂಗ್ಲಿಷ್‌ನಲ್ಲಿ ಪ್ರತಿ ಸಲವೂ ಹೇಳಲೇಬೇಕು.

ಕೇಳಿಕೊಳ್ಳಬೇಕಾದ ಪ್ರಶ್ನೆ

‘ನಾನು ಯಾವುದರ ಬಗ್ಗೆ ಹೇಳ್ತಿದ್ದೀನಿ ಅಂತ ಓದುವವರಿಗೆ ಗೊತ್ತಾ?’

ಗೊತ್ತು ಅಂದರೆ ‘ದಿ’. ಗೊತ್ತಿಲ್ಲ, ಎಣಿಸಬಹುದಾದ ಒಂದೇ ವಸ್ತು ಅಂದರೆ ‘ಎ’ ಅಥವಾ ‘ಆ್ಯನ್’. ಬಹುವಚನ ಅಥವಾ ಎಣಿಸಲಾಗದ್ದು ಆದರೆ ಸಾಮಾನ್ಯವಾಗಿ ಏನೂ ಬೇಡ.

ಸೂರ್ಯನಿಗೆ ‘ದಿ’ ಯಾಕೆ ಅಂತ ಈಗ ಹೊಳೆಯುತ್ತೆ. ಇರೋದು ಒಂದೇ, ಎಲ್ಲರಿಗೂ ಗೊತ್ತು. ನಿಮ್ಮ ಆಫೀಸಿನಲ್ಲಿ ಒಂದೇ ಲಿಫ್ಟ್ ಇದ್ದರೆ ಅದು ಕೆಟ್ಟಾಗ ಮೊದಲ ಸಲವೇ ‘ದಿ ಲಿಫ್ಟ್’ ಅನ್ನಬಹುದು. ಗಮನಿಸಿ, ನಿಮಗೆ ಗೊತ್ತಿದ್ದರೆ ಸಾಲದು, ಓದುವವರಿಗೂ ಗೊತ್ತಿರಬೇಕು. ಎರಡು ದಿನದಿಂದ ಒಂದೇ ಬಗ್ ಜೊತೆ ಒದ್ದಾಡಿದ ನಿಮಗೆ ಅದು ‘ದಿ ಬಗ್’. ಇವತ್ತೇ ಮೇಲ್ ತೆರೆದ ಮ್ಯಾನೇಜರ್‌ಗೆ ಇನ್ನೂ ‘ಎ ಬಗ್’.

ಕೋಡ್ ಬರೆಯುವವರು ಹೀಗೆ ನೆನಪಿಟ್ಟುಕೊಳ್ಳಬಹುದು: ‘ಎ’ ಅಂದರೆ ವೇರಿಯೇಬಲ್ ಡಿಕ್ಲೇರ್ ಮಾಡೋದು, ‘ದಿ’ ಅಂದರೆ ಅದನ್ನ ಬಳಸೋದು. ಅಮೆರಿಕದ ಪೇಟೆಂಟ್ ಅರ್ಜಿಗಳಲ್ಲಿ ಇದು ಬರೀ ಹೋಲಿಕೆಯಲ್ಲ. ಕ್ಲೇಮ್‌ನಲ್ಲಿ ಒಂದು ಭಾಗವನ್ನ ‘ಎ’ ಅಂತ ಪರಿಚಯಿಸದೆ ನೇರವಾಗಿ ‘ದಿ ಸೆನ್ಸರ್’ ಅಂತ ಬರೆದರೆ, ಯಾವ ಸೆನ್ಸರ್ ಅಂತ ಸ್ಪಷ್ಟವಿಲ್ಲ ಅಂತ ಪರೀಕ್ಷಕರು ಆಕ್ಷೇಪ ಎತ್ತಬಹುದು.

ಎರಡಕ್ಷರದ ಬೆಲೆ

ಸಿಸ್ಟಮ್ ಡೌನ್ ಆಗಿತ್ತು ಅಂದುಕೊಳ್ಳಿ. ‘ವಿ ಫೌಂಡ್ ಎ ರೀಸನ್’ ಅಂತ ಬರೆದರೆ ಒಂದು ಕಾರಣ ಸಿಕ್ಕಿದೆ, ಬೇರೆಯೂ ಇರಬಹುದು ಅಂತ. ‘ವಿ ಫೌಂಡ್ ದಿ ರೀಸನ್’ ಅಂದರೆ ಇರೋದೇ ಇದೊಂದು ಕಾರಣ, ಕೇಸ್ ಕ್ಲೋಸ್ ಅಂತ. ಮರುದಿನ ಮತ್ತೆ ಡೌನ್ ಆದರೆ ಕ್ಲೈಂಟ್ ನಿಮ್ಮ ಹಳೇ ಮೇಲನ್ನೇ ತೆಗೆದು ತೋರಿಸುತ್ತಾರೆ.

ದೇಶಗಳ ಮಟ್ಟದಲ್ಲೂ ಹೀಗಾಗಿದೆ. 1967ರ ಜೂನ್ ಯುದ್ಧದ ನಂತರ, ಅದೇ ವರ್ಷ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯ ಅಂಗೀಕರಿಸಿತು. ಯುದ್ಧದಲ್ಲಿ ಆಕ್ರಮಿಸಿಕೊಂಡ ಪ್ರದೇಶಗಳಿಂದ ಇಸ್ರೇಲ್ ಸೇನೆ ಹಿಂದೆ ಸರಿಯಬೇಕು ಅನ್ನುವುದು ಅದರ ಒಂದು ಅಂಶ. ಇಂಗ್ಲಿಷ್ ಪಠ್ಯದಲ್ಲಿ ‘ಟೆರಿಟರೀಸ್’ ಪದಕ್ಕೆ ‘ದಿ’ ಇಲ್ಲ. ಫ್ರೆಂಚ್ ಪಠ್ಯದಲ್ಲಿ ಇರುವ ‘ದೇ’ ಅನ್ನೋ ರೂಪದಲ್ಲಿ ಆರ್ಟಿಕಲ್ ಸೇರಿಕೊಂಡಿದೆ. ‘ದಿ’ ಇಲ್ಲದ ಕಾರಣ ಎಲ್ಲ ಪ್ರದೇಶಗಳನ್ನೂ ಬಿಡಬೇಕಿಲ್ಲ ಅಂತ ಒಂದು ಕಡೆಯವರ ವಾದ. ಇಲ್ಲ, ಎಲ್ಲವನ್ನೂ ಬಿಡಬೇಕು ಅಂತ ಇನ್ನೊಂದು ಕಡೆಯವರದು. ಅರ್ಧ ಶತಮಾನ ದಾಟಿದರೂ ವಾದ ಮುಗಿದಿಲ್ಲ.

‘ಎ’ನಾ, ‘ಆ್ಯನ್’ನಾ?

ಇದಕ್ಕೆ ನಮ್ಮ ಲಿಪಿಯೇ ಒಳ್ಳೇ ಟೂಲ್. ಇಂಗ್ಲಿಷ್ ಪದವನ್ನ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನ ಬಂದರೆ ‘ಎ’. ಎಂಬಿಎ, ಅವರ್, ಆನೆಸ್ಟ್: ಮೂರಕ್ಕೂ ‘ಆ್ಯನ್’. ಯೂನಿವರ್ಸಿಟಿ, ಯೂಸರ್, ಯುರೋಪಿಯನ್: ಇವಕ್ಕೆ ‘ಎ’. ಡೇಟಾಬೇಸ್ ಭಾಷೆಯನ್ನ ‘ಎಸ್‌ಕ್ಯೂಎಲ್’ ಅನ್ನುವವರು ‘ಆ್ಯನ್’ ಹಾಕ್ತಾರೆ, ‘ಸೀಕ್ವೆಲ್’ ಅನ್ನುವವರು ‘ಎ’. ಇಬ್ಬರೂ ಸರಿ.

ಎರಡು ಕಡೆ ಹುಷಾರು. ‘ಒನ್’ ಅಂತ ಬರೆಯುತ್ತೇವೆ, ಆದರೆ ಇಂಗ್ಲಿಷ್ ಉಚ್ಚಾರಣೆ ‘ವನ್’. ಹಾಗಾಗಿ ‘ಎ ಒನ್-ಡೇ ಮ್ಯಾಚ್’ ಸರಿ. ಇನ್ನು ‘ಎಂಬಿಎ’ಯನ್ನ ‘ಯಂಬಿಎ’ ಅನ್ನೋ ಅಭ್ಯಾಸ ನಮ್ಮಲ್ಲಿ ಹಲವರಿಗೆ ಇದೆ. ಅದನ್ನ ಲೆಕ್ಕಕ್ಕೆ ತಗೋಬೇಡಿ.

ಈ ‘ಎ’, ‘ಆ್ಯನ್’ ಗೊಂದಲ ಇಂಗ್ಲಿಷಿನವರಿಗೂ ಇತ್ತು. ಐಪಿಎಲ್‌ನಲ್ಲಿ ನಾವು ಬೈಯುವ ‘ಅಂಪೈರ್’ ಪದ ಮೊದಲು ‘ನ’ ಅಕ್ಷರದಿಂದ ಶುರುವಾಗುತ್ತಿತ್ತು. ಮುಂಚೆ ‘ಎ’ ಸೇರಿಸಿ ಹೇಳ್ತಾ ಹೇಳ್ತಾ ಆ ‘ನ’ ಕಳಚಿ ‘ಎ’ಗೆ ಅಂಟಿಕೊಂಡಿತು, ‘ಆ್ಯನ್ ಅಂಪೈರ್’ ಆಯಿತು.

ಏನೂ ಬೇಡದ ಪದಗಳು

ಆಫೀಸಿನಲ್ಲಿ ದಿನಾ ಕಾಣುವ ತಪ್ಪು ಇದು: ‘ಎ ಫೀಡ್‌ಬ್ಯಾಕ್’, ‘ಎ ಸಾಫ್ಟ್‌ವೇರ್’, ‘ಆ್ಯನ್ ಅಡ್ವೈಸ್’, ‘ಆ್ಯನ್ ಇನ್ಫರ್ಮೇಶನ್’. ಇವೆಲ್ಲ ಇಂಗ್ಲಿಷಿನಲ್ಲಿ ನೀರು, ಸಕ್ಕರೆಯ ಹಾಗೆ. ‘ಒಂದು ಸಕ್ಕರೆ’ ಅನ್ನಲ್ಲ, ‘ಒಂದು ಚಮಚ ಸಕ್ಕರೆ’ ಅಂತೀವಿ. ಹಾಗೆಯೇ ‘ಸಮ್ ಫೀಡ್‌ಬ್ಯಾಕ್’, ‘ಎ ಪೀಸ್ ಆಫ್ ಅಡ್ವೈಸ್’.

‘ಇದನ್ನೆಲ್ಲ ಗ್ರಾಮರ್ ಆ್ಯಪ್ ನೋಡಿಕೊಳ್ಳುತ್ತಲ್ಲ’ ಅನ್ನಬಹುದು. ‘ಎ ಅವರ್’ ಅಂತ ಬರೆದರೆ ಅದು ಹಿಡಿಯುತ್ತೆ, ನಿಜ. ಆದರೆ ನಿಮ್ಮ ಬಳಿ ಎಷ್ಟು ಸರ್ವರ್ ಇವೆ, ಅದರಲ್ಲಿ ಯಾವುದು ಅಂತ ಕ್ಲೈಂಟ್‌ಗೆ ಗೊತ್ತಾ ಅನ್ನೋದು ಆ್ಯಪ್‌ಗೆ ಹೇಗೆ ತಿಳಿಯಬೇಕು? ‘ಎ ಸರ್ವರ್’, ‘ದಿ ಸರ್ವರ್’ ಎರಡೂ ವ್ಯಾಕರಣದ ಪ್ರಕಾರ ಸರಿಯೇ. ಯಾವುದು ನಿಜ ಅನ್ನೋದು ನಿಮಗಷ್ಟೇ ಗೊತ್ತು.

ಕನ್ನಡ ಮೀಡಿಯಂನಿಂದ ಬಂದ ಎಷ್ಟೋ ಬುದ್ಧಿವಂತರು ಇಂಥ ಸಣ್ಣ ಪದಗಳ ಭಯಕ್ಕೇ ಮೀಟಿಂಗ್‌ನಲ್ಲಿ ಬಾಯಿ ಬಿಡಲ್ಲ, ಮೇಲನ್ನ ಪಕ್ಕದವರ ಕೈಲಿ ಬರೆಸ್ತಾರೆ. ರಷ್ಯನ್, ಜಪಾನೀಸ್, ಚೈನೀಸ್ ಮಾತಾಡುವವರಿಗೂ ಇದೇ ಪಾಡು, ಅವರ ಭಾಷೆಗಳಲ್ಲೂ ಆರ್ಟಿಕಲ್ ಇಲ್ಲ. ಮಾತಿನಲ್ಲಿ ಒಂದು ‘ದಿ’ ಬಿಟ್ಟುಹೋದರೆ ಏನೂ ಮುಳುಗಲ್ಲ, ಮಾತಾಡಿ. ಬರೆಯುವಾಗ ಮಾತ್ರ ಸ್ವಲ್ಪ ನಿಧಾನಿಸಿ.

ನಾಳೆ ಒಂದು ಕೆಲಸ ಮಾಡಿ. ಸೆಂಡ್ ಒತ್ತುವ ಮುಂಚೆ ನಿಮ್ಮ ಮೇಲ್‌ನಲ್ಲಿರುವ ಪ್ರತಿ ‘ದಿ’ ಹತ್ತಿರ ನಿಂತು, ‘ಯಾವುದು ಅಂತ ಅವರಿಗೆ ಗೊತ್ತಾ?’ ಅಂತ ಕೇಳಿಕೊಳ್ಳಿ. ಗೊತ್ತಿಲ್ಲ ಅನಿಸಿದರೆ ‘ದಿ’ ತೆಗೆದು ‘ಎ’ ಹಾಕಿ, ಇಲ್ಲವೇ ಯಾವುದು ಅಂತ ಬಿಡಿಸಿ ಹೇಳಿ.