ಮರುಭೂಮಿಯ ಮೌನ ಕೇಳೋಕೆ ಹೋದೆ, ಕೇಳಿಸಿದ್ದು ಬೇರೇನೋ

ಇವತ್ತಿನ ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಫೋನಿನ ವಾಲ್ಯೂಮ್ ಸ್ವಲ್ಪ ಇಳಿಸಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಹೋದ ಡಿಸೆಂಬರ್‌ನಲ್ಲಿ ನಾನು ಥಾರ್ ಮರುಭೂಮಿ ನೋಡೋಕೆ ಜೈಸಲ್ಮೇರ್‌ಗೆ ಹೋಗಿದ್ದೆ. ನೋಡೋಕೆ ಅಂದೆ, ಆದ್ರೆ ಹೋಗಿದ್ದು ಕಿವಿಗೋಸ್ಕರ. ದಿನಕ್ಕೆ ಎಂಟು ಗಂಟೆ ಹೆಡ್‌ಫೋನ್ ಹಾಕಿಕೊಂಡು ಆಡಿಯೋ ಎಡಿಟ್ ಮಾಡೋದು ನನ್ನ ಕೆಲಸ. ಒಂದು ವರ್ಷದಿಂದ ಬಲಗಿವಿಯಲ್ಲಿ 'ಕುಂಯ್' ಅನ್ನೋ ಸದ್ದು, ನಿಲ್ಲೋದೇ ಇಲ್ಲ. ಡಾಕ್ಟರ್ ಇದಕ್ಕೆ ಟಿನಿಟಸ್ ಅಂದ್ರು. ನಮ್ಮ ಒಳಕಿವಿಯಲ್ಲಿ ಸೂಕ್ಷ್ಮವಾದ ರೋಮಕೋಶಗಳಿರುತ್ತವೆ. ಜೋರು ಸದ್ದಿಗೆ ಅವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇದನ್ನ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಿವಿ ಹೋದ್ರೆ ನನ್ನ ಕೆಲಸಾನೂ ಹೋಯ್ತು, ಅಲ್ವಾ? ಬೆಂಗಳೂರಿನ ಗಲಾಟೆ ಬಿಟ್ಟು ಎಲ್ಲಾದ್ರೂ ಪೂರ್ತಿ ಮೌನ ಸಿಕ್ಕರೆ ಸರಿಹೋಗಬಹುದು ಅಂದುಕೊಂಡೆ.

ಮೊದಲ ರಾತ್ರಿ ಉಳಿದ ಕ್ಯಾಂಪ್‌ನಲ್ಲಿ ಹನ್ನೊಂದು ಗಂಟೆವರೆಗೂ ಡಿಜೆ! ಮರಳಿನ ಮಧ್ಯೆ, ನಕ್ಷತ್ರಗಳ ಕೆಳಗೆ, ಮದುವೆ ಮನೆ ಹಾಡು. ಮಾರನೇ ದಿನ ಬ್ಯಾಗ್ ಎತ್ತಿಕೊಂಡು ಖುರಿ ಅನ್ನೋ ಹಳ್ಳಿ ಕಡೆ ಹೋದೆ. ಅಲ್ಲಿಂದ ಒಂಟೆಯ ಜೊತೆ ವಯಸ್ಸಾದ ಕಾಕಾ ಒಬ್ಬರು ದಿಬ್ಬಗಳ ನಡುವೆ ಕರೆದುಕೊಂಡು ಹೋದರು.

ಅಲ್ಲಿ ಸಿಕ್ತು ನೋಡಿ ಮೌನ. ಇದಕ್ಕೊಂದು ಕಾರಣ ಇದೆ. ಮರಳಿನ ಕಣಗಳ ನಡುವೆ ತುಂಬಾ ಸಂದುಗಳಿರುತ್ತವೆ. ಸದ್ದು ಅದರೊಳಗೆ ಹೊಕ್ಕು, ಕಣಗಳಿಗೆ ಉಜ್ಜಿ, ಕರಗಿಹೋಗುತ್ತದೆ. ನಮ್ಮ ಸ್ಟುಡಿಯೋ ಗೋಡೆಗೆ ಫೋಮ್ ಅಂಟಿಸ್ತೀವಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಸದ್ದು ಬಡಿದು ವಾಪಸ್ ಬರೋಕೆ ಕಟ್ಟಡವಿಲ್ಲ, ಅಲುಗಾಡೋಕೆ ಎಲೆಗಳೂ ಅಷ್ಟಾಗಿ ಇಲ್ಲ.

ಆದರೆ ನನ್ನ ಲೆಕ್ಕ ಉಲ್ಟಾ ಆಗಿತ್ತು. ಸುತ್ತ ಸದ್ದು ಕಡಿಮೆಯಾದಷ್ಟೂ ಟಿನಿಟಸ್ ಎದ್ದು ಕೇಳಿಸುತ್ತೆ. ಆ ರಾತ್ರಿ 'ಕುಂಯ್' ಎಷ್ಟು ಜೋರಾಯ್ತು ಅಂದ್ರೆ, ಕಂಬಳಿಯೊಳಗೆ ಕೂತು ಫೋನ್‌ನಲ್ಲಿ ಹಾಡು ಹಾಕಿಕೊಳ್ಳೋಣ ಅಂತ ಕೈ ಚಾಚಿದೆ. ಬ್ಯಾಟರಿ ಸತ್ತಿತ್ತು. ಚಳಿ ಬೇರೆ. ಒಣ ಗಾಳಿ, ಮೋಡವಿಲ್ಲದ ಆಕಾಶ, ಹಗಲಿನ ಬಿಸಿಯನ್ನು ಹಿಡಿದಿಡೋಕೆ ಏನೂ ಇರೋದಿಲ್ಲ. ಸುಮ್ಮನೆ ಕೂತು ಅತ್ತೆ, ಸುಳ್ಳು ಹೇಳಲ್ಲ.

ಬೆಳಗಿನ ಜಾವ ಕಾಕಾ ಚಹಾ ಕೊಟ್ಟು, "ಶೂ ಬಿಚ್ಚು ಬೇಟಾ, ದಿಬ್ಬ ಹತ್ತೋಣ" ಅಂದ್ರು. ಗಾಳಿ ಬೀಸೋ ಕಡೆಯ ಇಳಿಜಾರು ನಿಧಾನ, ಮರಳೂ ಗಟ್ಟಿ. ಇನ್ನೊಂದು ಕಡೆ ಕಡಿದು, ಸುಮಾರು 30ರಿಂದ 34 ಡಿಗ್ರಿ. ಅದಕ್ಕಿಂತ ಕಡಿದಾದರೆ ಮರಳು ತಾನೇ ಜಾರಿ ಸರಿಮಾಡಿಕೊಳ್ಳುತ್ತದೆ. ತುದಿಯಲ್ಲಿ ಕೂತಾಗ ಮೊದಲು ಏನೂ ಕಾಣಲಿಲ್ಲ, ಬರೀ ಮರಳು. ಐದು ನಿಮಿಷ ಕಳೆಯಿತು. ರಾತ್ರಿ ಓಡಾಡಿದ ಕಪ್ಪು ಹುಳದ ಹೆಜ್ಜೆಗಳು ಹೊಲಿಗೆ ಹಾಕಿದ ಹಾಗೆ ಕಂಡವು. ಗಾಳಿ ಒಂದೊಂದೇ ಕಣವನ್ನು ಎತ್ತಿ ಕುಣಿಸುತ್ತಿತ್ತು. ಆ ಕಣ ಬಿದ್ದಲ್ಲಿ ಇನ್ನಷ್ಟು ಕಣಗಳು ಹಾರುತ್ತಿದ್ದವು. ಮರಳಿನ ಮೇಲಿನ ಅಲೆಗಳೆಲ್ಲ ಹುಟ್ಟೋದು ಹೀಗೇ. ಫೋಟೋದಲ್ಲಿ ಅವು ನಿಂತೇ ಇರುತ್ತವೆ, ಅಲ್ಲಿ ಕೂತರೆ ಮೆಲ್ಲಗೆ ಸರಿಯುವುದು ಕಾಣುತ್ತದೆ.

ಆಮೇಲೆ ಸದ್ದುಗಳು ಬಂದವು. ಮರಳು ಉದುರುವ ಸರಸರ, ಎಲ್ಲೋ ಕೆಳಗೆ ಒಂಟೆ ಮೆಲುಕು ಹಾಕೋದು, ಅದರ ಕೊರಳಿನ ಗಂಟೆ. ಎಷ್ಟೋ ಹೊತ್ತಾದ ಮೇಲೆ ನೆನಪಾಯ್ತು, ಇಷ್ಟು ಹೊತ್ತು 'ಕುಂಯ್' ಕಡೆ ನನ್ನ ಗಮನವೇ ಹೋಗಿರಲಿಲ್ಲ. ಅದು ಅಲ್ಲೇ ಇತ್ತು. ಟಿನಿಟಸ್ ಇರುವವರಿಗೆ ಮೆಲುವಾದ ಹಿನ್ನೆಲೆ ಸದ್ದು ಇಟ್ಟುಕೊಳ್ಳಿ ಅಂತ ವೈದ್ಯರು ಹೇಳೋದು ಇದಕ್ಕೇ. ನನಗೂ ಹೇಳಿದ್ರು, ನಾನು ಕೇಳಿಸಿಕೊಂಡಿರಲಿಲ್ಲ ಅಷ್ಟೇ.

ಇಳಿಯುವಾಗ ದಾರಿಯಲ್ಲಿ ಒಂದು ಒಂಟಿ ಮರ. ಕಾಕಾ "ಖೇಜ್ರಿ" ಅಂದ್ರು. ಎಲೆ ಮುಟ್ಟಿದ ತಕ್ಷಣ ಗುರುತು ಸಿಕ್ಕಿತು. ನಮ್ಮ ಬನ್ನಿ ಮರ! ಗದಗಿನಲ್ಲಿ ದಸರಾಕ್ಕೆ 'ಬಂಗಾರ' ಅಂತ ಕೈಗೆ ಕೊಡೋ ಎಲೆ. ಅಲ್ಲಿ ಅದರ ಕಾಯಿ ಪಲ್ಯ ಆಗುತ್ತೆ, ಸೊಪ್ಪು ಆಡು-ಒಂಟೆಗಳ ಹೊಟ್ಟೆ ತುಂಬಿಸುತ್ತೆ. ಬೇರು ತುಂಬಾ ಆಳಕ್ಕಿಳಿದು ನೀರು ಹುಡುಕುತ್ತದೆ. ಕಾಕಾಗೆ ನಮ್ಮೂರ ದಸರಾ ಕಥೆ ಹೇಳಿದೆ. ಅವರು ಒಂದು ಎಸಳು ಕಿತ್ತು ನನ್ನ ಕೈಗಿಟ್ಟು ನಕ್ಕರು.

ಈಗ ವಾಲ್ಯೂಮ್ ವಿಷಯ. ಗರಿಷ್ಠ ಮಟ್ಟದ ಶೇ 60ಕ್ಕಿಂತ ಕೆಳಗಿಡಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಬೆಳಿಗ್ಗೆ ನನ್ನ ಪುಟ್ಟ ರೆಕಾರ್ಡರ್‌ನಲ್ಲಿ ಹಿಡಿದ ನಲವತ್ತು ಸೆಕೆಂಡ್ ಈಗ ಹಾಕ್ತೀನಿ. ಮೊದಲು ಏನೂ ಇಲ್ಲ ಅನ್ನಿಸುತ್ತೆ. ಹನ್ನೆರಡನೇ ಸೆಕೆಂಡಿಗೆ ಗಂಟೆ ಬರುತ್ತೆ. ದಯವಿಟ್ಟು ಸೌಂಡ್ ಏರಿಸಬೇಡಿ, ಕಾಯಿರಿ.