ತೋಟದ ಮನೆಗೆ ಎಲೆಕ್ಟ್ರಾನಿಕ್ ತಕ್ಕಡಿ: ಆಯ್ಕೆ ಮತ್ತು ಬಳಕೆ

ಮುಂಗಾರು ಹತ್ತಿರವಾಗುತ್ತಿದ್ದಂತೆ ಮೈಲುತುತ್ತ, ಸುಣ್ಣ ಒಯ್ಯಲು ಸಂಘದ ಉಗ್ರಾಣಕ್ಕೆ ಬರುವ ಸದಸ್ಯ ಬಾಂಧವರಲ್ಲಿ ಹಲವರು ಈಗ ಕೇಳುವ ಪ್ರಶ್ನೆ, ‘ಎಲೆಕ್ಟ್ರಾನಿಕ್ ತಕ್ಕಡಿ ಯಾವುದನ್ನು ಕೊಳ್ಳಬೇಕು?’ ಎಂಬುದು. ಪೇಟೆಯಲ್ಲಿ ಹತ್ತಾರು ಬಗೆ ಸಿಗುತ್ತವೆ. ಅಂಕಿ ಕೆಂಪಗೆ ಮಿನುಗಿದೊಡನೆ ಅದು ಸತ್ಯವೆಂದು ನಂಬಿಬಿಡುವ ಗುಣ ನಮ್ಮೆಲ್ಲರಲ್ಲೂ ಇದೆ. ಆದ್ದರಿಂದ ಈ ತಕ್ಕಡಿಯ ಒಳಗುಟ್ಟನ್ನೂ, ಅದನ್ನು ಆರಿಸುವ, ಬಳಸುವ ಕ್ರಮವನ್ನೂ ಸ್ವಲ್ಪ ವಿವರವಾಗಿ ಬರೆಯುವುದು ಒಳ್ಳೆಯದೆಂದು ನಮಗೆ ತೋರಿತು.

ಮೊದಲು ಪುಡಿಯ ವಿಚಾರ. ನಮ್ಮ ಹಿರಿಯರು ಸೇರು, ಕೊಳಗಗಳಲ್ಲಿ ಸಂಸಾರ ನಡೆಸಿದವರು. ಭತ್ತಕ್ಕೆ ಅದು ಸಾಕಾಗಿತ್ತು. ಔಷಧಿಯ ಪುಡಿಗೆ ಸಾಲದು. ಒಂದೇ ಡಬ್ಬಿಯಲ್ಲಿ ದಪ್ಪ ಹರಳಿನ ಮೈಲುತುತ್ತ ತುಂಬಿದರೆ ಒಂದು ತೂಕ, ಸಣ್ಣ ಹರಳು ತುಂಬಿದರೆ ಇನ್ನೊಂದು. ಕುಟ್ಟಿ ತುಂಬಿದರೆ ಮತ್ತೊಂದು. ಸುಣ್ಣದ ಕಥೆ ಇನ್ನೂ ತೊಡಕು. ಗೂಡಿನಿಂದ ಹೊಸದಾಗಿ ಬಂದ 1 ಕಿಲೋ ಸುಟ್ಟ ಸುಣ್ಣ ನೀರು ಕುಡಿದು ಅರಳಿದರೆ ಸುಮಾರು 1 ಕಿಲೋ 320 ಗ್ರಾಂ ಆಗುತ್ತದೆ. ಅದೇ ಸುಣ್ಣ ಮಳೆಗಾಲದ ಗಾಳಿಗೆ ತೆರೆದುಕೊಂಡು ವಾರಗಟ್ಟಲೆ ಬಿದ್ದಿದ್ದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಹೀರಿ ಸೀಮೆಸುಣ್ಣದ ಜಾತಿಗೆ ಸೇರುತ್ತದೆ. ತಕ್ಕಡಿ ಅದರ ತೂಕವನ್ನು ಸರಿಯಾಗಿಯೇ ಹೇಳೀತು; ಅದರಲ್ಲಿ ಎಷ್ಟು ಸತ್ವ ಉಳಿದಿದೆ ಎಂದು ಹೇಳಲಾರದು. ಹೊಸ ಸುಣ್ಣ ತನ್ನಿ, ಬಾಯಿ ಬಿಗಿದ ಡ್ರಮ್ಮಿನಲ್ಲಿಡಿ, ಆಮೇಲೆ ತೂಗಿ.

ಬೋರ್ಡೋ ಮಿಶ್ರಣ ನಮಗೆ ಹೊಸದಲ್ಲ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು 1885ರಲ್ಲಿ ದ್ರಾಕ್ಷಿಯ ರೋಗಕ್ಕಾಗಿ ಪ್ರಕಟಿಸಿದ ಈ ಔಷಧವನ್ನು ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿಕೊಟ್ಟವರು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು, 1910ರ ಸುಮಾರಿಗೆ. ಕೊಟ್ಟೆ ಕಟ್ಟುವುದೊಂದೇ ದಾರಿಯಾಗಿದ್ದ ಮಲೆನಾಡಿಗೆ ಅದು ದೊಡ್ಡ ಉಪಕಾರ. ಶೇಕಡಾ 1ರ ಮಿಶ್ರಣಕ್ಕೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯುವ ಕ್ರಮ ಎಲ್ಲರಿಗೂ ಗೊತ್ತು. ಸುಣ್ಣ ಕಡಿಮೆಯಾದರೆ ತಾಮ್ರ ಹುಳಿಯಾಗಿಯೇ ಉಳಿದು ಎಳೆ ಕಾಯಿಯನ್ನೂ ಸೋಗೆಯನ್ನೂ ಸುಡುತ್ತದೆ. ಮೈಲುತುತ್ತ ಕಡಿಮೆಯಾದರೆ ಖರ್ಚೂ ಕೂಲಿಯೂ ಆಯಿತು, ಕಾಯಿಯೂ ಉದುರಿತು. ಕೊನೆಗಾರರು ಸಿಗುವುದೇ ದುರ್ಲಭವಾಗಿರುವ ಈ ದಿನಗಳಲ್ಲಿ ಒಮ್ಮೆ ಹೊಡೆದ ಔಷಧ ಕೆಟ್ಟರೆ ಎರಡನೆಯ ಸಲ ಮರ ಹತ್ತುವವರು ಯಾರು?

ಹಾಗೆಂದು ಇದಕ್ಕೆ ಅಕ್ಕಸಾಲಿಗನ ತಕ್ಕಡಿ ಬೇಕಾಗಿಲ್ಲ. 1 ಕಿಲೋದಲ್ಲಿ 10 ಗ್ರಾಂ ಹೆಚ್ಚುಕಡಿಮೆಯಾದರೆ ಅದು ನೂರರಲ್ಲಿ ಒಂದು. ಮಿಶ್ರಣ ಅದನ್ನು ತಾಳಿಕೊಳ್ಳುತ್ತದೆ. ಗ್ರಾಮಿನ ನೂರನೇ ಒಂದು ಪಾಲು ತೋರಿಸುವ ತಕ್ಕಡಿಯಲ್ಲಿ ಸುಣ್ಣ ತೂಗುವುದು ಬರೀ ಡೌಲು. ಎಷ್ಟೇ ತೂಗಿದ್ದರೂ ಕೊನೆಯಲ್ಲಿ ಹೊಳಪುಳ್ಳ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡುವುದನ್ನು ಬಿಡಬೇಡಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣದ ತಿಳಿ ಇನ್ನೂ ಬೇಕೆಂದು ಅರ್ಥ.

ಈಗ ತಕ್ಕಡಿಯ ಒಳಗೆ ನೋಡೋಣ. ತಟ್ಟೆಯ ಕೆಳಗಿರುವುದು ಲೋಡ್ ಸೆಲ್ ಎಂಬ ಲೋಹದ ತುಂಡು, ಸಾಮಾನ್ಯವಾಗಿ ಅಲ್ಯೂಮಿನಿಯಂ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೈಗೆ ಅಂಟಿಸಿದ ತೆಳುವಾದ ಲೋಹದ ಎಳೆಗಳು ಆಗ ಹಿಗ್ಗಿ ಕುಗ್ಗಿ, ಅವುಗಳಲ್ಲಿ ಹರಿಯುವ ವಿದ್ಯುತ್ತಿಗೆ ಇರುವ ತಡೆ ಬದಲಾಗುತ್ತದೆ. ಆ ಬದಲಾವಣೆಯನ್ನೇ ಯಂತ್ರ ಅಂಕಿಯಾಗಿ ತೋರಿಸುವುದು. ಬಾಗುವ ಲೋಹದ ಮೇಲೆ ನಿಂತ ಲೆಕ್ಕವಾದುದರಿಂದ ಬಿಸಿಲು, ಚಳಿ, ಏಟು ಎಲ್ಲವೂ ಅದನ್ನು ಕಾಡುತ್ತವೆ. ಹೆಗಲ ಮೇಲಿನ ಮೂಟೆಯನ್ನು ದೊಪ್ಪನೆ ಅದರ ಮೇಲೆ ಕೆಡವಿದರೆ ಲೋಹ ಹಿಂದಕ್ಕೆ ಬಾರದಂತೆ ಬಾಗಿಹೋಗಬಹುದು. ರಾತ್ರಿಯೆಲ್ಲ ಮೂಟೆಯನ್ನು ತಕ್ಕಡಿಯ ಮೇಲೇ ಬಿಟ್ಟರೆ ಬೆಳಿಗ್ಗೆ ಖಾಲಿ ತಟ್ಟೆ ಸೊನ್ನೆಗೆ ಬರಲು ತಕರಾರು ಮಾಡುತ್ತದೆ.

ಕೊಳ್ಳುವಾಗ ಬಣ್ಣ, ಅಂದ ನೋಡುವ ಮೊದಲು ಪಕ್ಕದಲ್ಲಿರುವ ಫಲಕವನ್ನು ಓದಿ. ಗರಿಷ್ಠ ತೂಕ, ಕನಿಷ್ಠ ತೂಕ, ಮತ್ತು ‘ಇ’ ಎಂಬ ಅಕ್ಷರದ ಮುಂದೆ ಒಂದು ಅಂಕಿ ಇರುತ್ತದೆ. ಆ ‘ಇ’ ಎಂದರೆ ಸರಕಾರಿ ತಪಾಸಣೆಗೆ ಹಿಡಿಯುವ ಅತಿ ಸಣ್ಣ ಮೆಟ್ಟಿಲು. ವ್ಯಾಪಾರದಲ್ಲಿ ಬಳಸುವ ಮೂರನೇ ದರ್ಜೆಯ ತಕ್ಕಡಿಗಳಲ್ಲಿ ಕನಿಷ್ಠ ತೂಕ ಈ ಮೆಟ್ಟಿಲಿನ 20 ಪಟ್ಟು. ಅಂದರೆ ಮೆಟ್ಟಿಲು 10 ಗ್ರಾಂ ಇದ್ದರೆ 200 ಗ್ರಾಮಿಗಿಂತ ಕಡಿಮೆಯದನ್ನು ಅದರಲ್ಲಿ ತೂಗಲೇಬಾರದು. ಮೂಟೆಯ ತಕ್ಕಡಿಯಲ್ಲಿ ಚಮಚದಷ್ಟು ಪುಡಿ ತೂಗಿ ‘ತಕ್ಕಡಿ ಸರಿಯಿಲ್ಲ’ ಎಂದು ದೂರುವವರು ಈ ಮಾತನ್ನು ಗಮನಿಸಬೇಕು. ಎಲ್ಲ ಕೆಲಸಕ್ಕೂ ಒಂದೇ ತಕ್ಕಡಿ ಎಂಬ ಆಸೆ ಬೇಡ. ಮೂಟೆಗೆ 100 ಕಿಲೋದ ನೆಲದ ತಕ್ಕಡಿ, ಔಷಧಿಗೆ 5 ಅಥವಾ 10 ಕಿಲೋದ, ಒಂದೆರಡು ಗ್ರಾಂ ಮೆಟ್ಟಿಲಿನ ಚಿಕ್ಕದು: ಎರಡಿದ್ದರೆ ಸಣ್ಣ ಹಿಡುವಳಿಗೆ ಧಾರಾಳವಾಯಿತು.

ಇನ್ನೊಂದು ಸಂಗತಿ ಹೇಳಿದರೆ ಹಲವರಿಗೆ ಆಶ್ಚರ್ಯವಾದೀತು. ಹಳೆಯ ತೂಗುತಕ್ಕಡಿಯಲ್ಲಿ ಒಂದು ಕಡೆ ಕಲ್ಲು, ಒಂದು ಕಡೆ ಸಾಮಾನು. ಭೂಮಿ ಎರಡನ್ನೂ ಸಮನಾಗಿ ಎಳೆಯುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿ ಆ ಎಳೆತವನ್ನೇ ಅಳೆಯುವಂಥದು. ಎಳೆತವಾದರೋ ಊರಿನಿಂದ ಊರಿಗೆ ಬೇರೆ. ದೆಹಲಿಯಲ್ಲಿ ಸರಿಮಾಡಿದ ತಕ್ಕಡಿಯನ್ನು ಹಾಗೆಯೇ ತಂದು ಚಿಕ್ಕಮಗಳೂರಿನ ಸುಮಾರು 1000 ಮೀಟರ್ ಎತ್ತರದಲ್ಲಿಟ್ಟರೆ 50 ಕಿಲೋದ ಮೂಟೆ ಹೆಚ್ಚುಕಡಿಮೆ 50 ಗ್ರಾಂ ಹಗುರವಾಗಿ ಕಾಣುತ್ತದೆ. ಯಾರೂ ಮೋಸ ಮಾಡಿಲ್ಲ. ಅಕ್ಷಾಂಶವೂ ಎತ್ತರವೂ ಮಾಡಿದ ಕೆಲಸ ಅದು. ಆದಕಾರಣ ತಕ್ಕಡಿಯನ್ನು ಬಳಸುವ ಜಾಗದಲ್ಲೇ, ಗೊತ್ತಿರುವ ತೂಕವಿಟ್ಟು ಸರಿಮಾಡಿಸಿಕೊಳ್ಳಬೇಕು. ಅಟ್ಟದ ಮೇಲಿರುವ ಮುದ್ರೆ ಬಿದ್ದ ಕಬ್ಬಿಣದ ತೂಕದ ಕಲ್ಲುಗಳನ್ನು ಗುಜರಿಯವನಿಗೆ ಕೊಡಬೇಡಿರೆಂದು ನಾವು ಬೇಡಿಕೊಳ್ಳುವುದು ಇದಕ್ಕಾಗಿ. ಕಲ್ಲು ಇಲ್ಲದವರು ಸರಿಯಾದ ಅಳತೆಪಾತ್ರೆಯಲ್ಲಿ 1 ಲೀಟರ್ ಶುದ್ಧ ನೀರು ತೂಗಬಹುದು. ನಮ್ಮ ಹವೆಯಲ್ಲಿ ಅದು 1 ಕಿಲೋಗೆ ಮೂರ್ನಾಲ್ಕು ಗ್ರಾಂ ಕಡಿಮೆ ಬರುತ್ತದೆ.

ಬಳಕೆಯಲ್ಲಿ ಮುಖ್ಯವಾದದ್ದು ಜಾಗ. ಅಲುಗುವ ಹಲಗೆಯ ಮೇಲಲ್ಲ, ಗಟ್ಟಿ ನೆಲದ ಮೇಲೆ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವಂತೆ ಕಾಲು ತಿರುಗಿಸಿ ಇಡಿ. ಸ್ವಿಚ್ ಹಾಕಿ ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಿ, ಲೋಹವೂ ಸರ್ಕ್ಯೂಟೂ ಹದಕ್ಕೆ ಬರಲಿ. ಆಮೇಲೆ ಒಂದೇ ಕಲ್ಲನ್ನು ತಟ್ಟೆಯ ನಡುವೆಯೂ ನಾಲ್ಕು ಮೂಲೆಗಳಲ್ಲೂ ಇಟ್ಟು ನೋಡಿ. ಐದು ಕಡೆಯೂ ಒಂದೇ ಅಂಕಿ ಬರಬೇಕು. ಚಿಕ್ಕ ತಕ್ಕಡಿಗೆ ಜೂನ್ ತಿಂಗಳ ಜಗಲಿಯ ಗಾಳಿಯೇ ಸಾಕು ಕುಣಿಸಲು, ಫ್ಯಾನ್ ಸಹ ಬೇಡ. ಮೈಲುತುತ್ತವನ್ನು ನೇರವಾಗಿ ತಟ್ಟೆಗೆ ಸುರಿಯಬಾರದು, ಒದ್ದೆಯಾದರೆ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುವ ವಸ್ತು ಅದು. ಪ್ಲಾಸ್ಟಿಕ್ ಬೋಗುಣಿ ಇಟ್ಟು, ಟೇರ್ ಗುಂಡಿ ಒತ್ತಿ ಸೊನ್ನೆ ಮಾಡಿ, ಬಳಿಕ ಸುರಿಯಿರಿ. ಔಷಧಿಯ ತಕ್ಕಡಿ ಅಡುಗೆಮನೆಯ ಕಡೆ ಸುಳಿಯಕೂಡದು. ಮಳೆಗಾಲದಲ್ಲಿ ಒಳಗೆ ಇರುವೆ ಗೂಡು ಕಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ. ಕೆಲಸವಿಲ್ಲದಾಗ ಮುಚ್ಚಿ, ಒಲೆಮನೆಯ ಪಕ್ಕದ ಒಣ ಕೋಣೆಯಲ್ಲಿಡಿ.

ಅಮೆರಿಕದಲ್ಲಿ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವ ಬೇಟೆಗಾರರು, ಗುರಿಕಾರರು ಮದ್ದು ತೂಗಲು ಒಂದು ಎಲೆಕ್ಟ್ರಾನಿಕ್ ಯಂತ್ರ ಇಟ್ಟುಕೊಳ್ಳುತ್ತಾರೆ. ಮೊದಲು ಬೇಗ ಬೇಗ ಸುರಿದು, ಗುರಿ ಹತ್ತಿರವಾದಂತೆ ಕಾಳು ಕಾಳಾಗಿ ಉದುರಿಸಿ ತಾನೇ ನಿಲ್ಲುತ್ತದೆ. ಅವರ ಲೆಕ್ಕ ಗ್ರೇನ್‌ನಲ್ಲಿ. ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧ. ಅಲ್ಲಿ ಅಳತೆ ತಪ್ಪಿದರೆ ಕೋವಿಯ ನಳಿಗೆಯೇ ಸಿಡಿಯಬಹುದಾದ್ದರಿಂದ ಯಂತ್ರ ಕಾಯಿಸದೆ, ತೂಕದ ಕಲ್ಲಿಟ್ಟು ನೋಡದೆ ಕೈ ಹಾಕಬಾರದೆಂಬುದು ಅವರ ಕಟ್ಟುನಿಟ್ಟು. ಅದರ ಹೊಟ್ಟೆಯಲ್ಲಿರುವುದೂ ಸಾಮಾನ್ಯವಾಗಿ ಇದೇ ಜಾತಿಯ ಲೋಡ್ ಸೆಲ್.

ಕಾಫಿಯವರಿಗೆ ಸೂಕ್ಷ್ಮ ತೂಕ ನಿಜವಾಗಿ ಬೇಕಾಗುವುದು ಸ್ಯಾಂಪಲ್ಲಿನಲ್ಲಿ. 50 ಕಿಲೋ ಚೆರ್ರಿ ಮೂಟೆಗೆ 26 ಕಿಲೋ ಬೇಳೆ ಎಂದು ಔಟ್‌ಟರ್ನ್ ಕಟ್ಟುವುದು ಬೊಗಸೆಯಷ್ಟು ಸ್ಯಾಂಪಲ್ಲಿನಿಂದ. 200 ಗ್ರಾಂ ಚೆರ್ರಿಯಲ್ಲಿ 104 ಗ್ರಾಂ ಬೇಳೆ ಬಂದರೆ 26. ತಕ್ಕಡಿ 2 ಗ್ರಾಂ ಕಡಿಮೆ ತೋರಿಸಿ 102 ಎಂದಿತೋ, 25 ಮುಕ್ಕಾಲೂ ಅಲ್ಲ, 25 ವರೆ. ನೂರು ಮೂಟೆ ಮಾರುವವನಿಗೆ 50 ಕಿಲೋ ಬೇಳೆಯ ಹಣ ಹೋಯಿತು. ಮಾರುವ ಮುನ್ನ ಮನೆಯಲ್ಲೇ, ಗ್ರಾಮಿನ ಹತ್ತನೇ ಪಾಲು ತೋರಿಸುವ ಚಿಕ್ಕ ತಕ್ಕಡಿಯಲ್ಲಿ ಒಮ್ಮೆ ತೂಗಿ ಬರೆದಿಟ್ಟುಕೊಂಡರೆ ವ್ಯಾಪಾರಿಯೊಡನೆ ಮಾತಾಡಲು ಧೈರ್ಯ ಇರುತ್ತದೆ. ಕಾಳುಮೆಣಸಿನ ಲೀಟರ್ ತೂಕಕ್ಕೂ ಇದೇ ತಕ್ಕಡಿ ಸಾಕು.

ಕೊಯ್ಲಿನ ಕೂಲಿಯ ಮಾತೂ ಇದೆ. ಕಿಲೋ ಲೆಕ್ಕದಲ್ಲಿ ಹಣ್ಣು ಕುಯ್ಯುವವರ ಚೀಲವನ್ನು ತೂಗುವ ತಕ್ಕಡಿ ಮನೆಯ ಸ್ವಂತ ವ್ಯವಹಾರವೆಂದು ಕೆಲವರು ತಿಳಿದಿದ್ದಾರೆ. 2009ರ ಲೀಗಲ್ ಮೆಟ್ರಾಲಜಿ ಕಾಯಿದೆಯ ಪ್ರಕಾರ ಕೂಲಿ ಲೆಕ್ಕ ಹಾಕುವುದೂ ವಹಿವಾಟೇ. ಅಲ್ಲಿ ಮುದ್ರೆ ಬಿದ್ದ ತಕ್ಕಡಿಯೇ ಬೇಕು. ಸಾಮಾನ್ಯ ತೂಗುತಕ್ಕಡಿಗೆ 24 ತಿಂಗಳಿಗೊಮ್ಮೆ ಮರುಮುದ್ರೆಯಾದರೆ ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ. ಒದ್ದೆ ಗೋಣಿಯ ತೂಕವನ್ನು ಅಂದಾಜಿನಲ್ಲಿ ಕಳೆಯುವ ರೂಢಿಯೂ ನಿಲ್ಲಬೇಕು. ಖಾಲಿ ಚೀಲವನ್ನು ಎಲ್ಲರ ಕಣ್ಣೆದುರು ತೂಗಿ ಕಳೆಯಿರಿ, ಅಂಕಿ ಕಾಣುವ ಮುಖ ಕುಯ್ದವರ ಕಡೆಗೂ ತಿರುಗಿರಲಿ. ಸಂಜೆಯ ಜಗಳಗಳಲ್ಲಿ ಅರ್ಧ ಅಲ್ಲಿಗೇ ತೀರುತ್ತವೆ.

ಪರೀಕ್ಷೆಗೆಂದು ಮುದ್ರೆಯ 5 ಮತ್ತು 20 ಕಿಲೋ ತೂಕದ ಕಲ್ಲುಗಳನ್ನು ಸಂಘದ ಉಗ್ರಾಣದಲ್ಲಿ ಇರಿಸಿದ್ದೇವೆ. ಸದಸ್ಯರು ರಿಜಿಸ್ಟರಿನಲ್ಲಿ ರುಜು ಮಾಡಿ ಒಂದು ದಿನಕ್ಕೆ ಒಯ್ಯಬಹುದು. ಮರುದಿನ ಸಂಜೆಯೊಳಗೆ ಒರೆಸಿ, ಒಣಗಿಸಿ ಹಿಂದಿರುಗಿಸಬೇಕು. ಬಾಗಿಲಿಗೆ ಒತ್ತುಕೊಡಲು ಬಳಸಬಾರದು.