ರಿಪೋರ್ಟಿಗಾಗಿ ಸಂಜೀತನಕ ಕೂಡ್ರಬೇಕೇನ್ರಿ?

ತಿಕೋಟಾದಿಂದ ವಿಜಯಪುರ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಬಬಲೇಶ್ವರದಿಂದ ಇನ್ನೊಂದಿಷ್ಟು ಹೆಚ್ಚು. ಬಸ್ಸಿನಾಗ ಬರೂದು ದೊಡ್ಡ ಮಾತಲ್ಲ, ದಿನ ಹೋಗೂದು ಆಸ್ಪತ್ರೆಯೊಳಗ. ಚೀಟಿಗೊಂದು ಪಾಳಿ, ಡಾಕ್ಟರ ಮುಂದೊಂದು ಪಾಳಿ, ರಕ್ತ ಕೊಡಲಿಕ್ಕೆ ಮತ್ತೊಂದು. ಆಮೇಲೆ, "ರಿಪೋರ್ಟ್ ನಾಲ್ಕಕ್ಕ ಬರ್ತದ ಆಯಿ, ಅಲ್ಲೀತನಕ ಕೂಡ್ರಿ." ನಾಲ್ಕಕ್ಕೆ ಡಾಕ್ಟರ್ ಇರೂದಿಲ್ಲ, ನಾಳೆ ಬರಬೇಕು. ದ್ರಾಕ್ಷಿ ತೋಟದ ಕೂಲಿಯವರಿಗೆ ಎರಡು ದಿನದ ಪಗಾರ ಹೋಯಿತು. ಜೋಡಿಗೆ ಬಂದ ಮಗನದೂ ಹೋಯಿತು.

ಪರೀಕ್ಷೆಗೆ ಇಷ್ಟು ಹೊತ್ತು ಹಿಡಿಯುವುದಿಲ್ಲ. ಹೊತ್ತು ಹೋಗುವುದು ಕೊಳವೆಗೆ ಹೆಸರು ಅಂಟಿಸಿ, ಲ್ಯಾಬಿಗೆ ಒಯ್ದು, ಹತ್ತಿಪ್ಪತ್ತು ಕೊಳವೆ ಕೂಡಿದ ಮೇಲೆ ಯಂತ್ರಕ್ಕೆ ಹಾಕಿ, ಬರೆದು, ವಾಪಸ್ ಕಳಿಸುವುದರಲ್ಲಿ.

ಈ ಓಡಾಟ ತಪ್ಪಿಸುವುದೇ ರೋಗಿಯ ಪಕ್ಕದಲ್ಲೇ ಮಾಡುವ ಪರೀಕ್ಷೆ. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಸಕ್ಕರೆ ಪ್ರಮಾಣ ಕೆಲವೇ ಸೆಕೆಂಡಿನಲ್ಲಿ, ಹಿಮೋಗ್ಲೋಬಿನ್ ಸುಮಾರು ಒಂದು ನಿಮಿಷದಲ್ಲಿ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಐದಾರು ನಿಮಿಷದಲ್ಲಿ ಗೊತ್ತಾಗುತ್ತದೆ. ಮಲೇರಿಯಾ ಕಾರ್ಡನ್ನು ಆಶಾ ಕಾರ್ಯಕರ್ತೆಯರೇ ಹಳ್ಳಿಯಲ್ಲಿ ಬಳಸುತ್ತಾರೆ. ಕ್ಷಯಕ್ಕೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಟ್ರೂನ್ಯಾಟ್ ಬ್ಯಾಟರಿ ಮೇಲೂ ನಡೆಯುತ್ತದೆ, ಕರೆಂಟ್ ಹೋದರೂ ನಿಲ್ಲೂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಆದರೆ ಯಂತ್ರ ಕೊಂಡರಷ್ಟೇ ಪಾಳಿ ಕರಗುವುದಿಲ್ಲ. ಡಾಕ್ಟರನ್ನು ಕಂಡು, ಪರೀಕ್ಷೆ ಮಾಡಿಸಿ, ಮತ್ತೆ ಪಾಳಿ ಹಚ್ಚಿದರೆ ಏನು ಬಂತು? ಹಳೇ ಶುಗರ್ ಪೇಶಂಟ್ ಇದ್ದರೆ ಚೀಟಿ ಮಾಡಿಸುತ್ತಲೇ ಸಿಸ್ಟರ್ ಬೆರಳು ಚುಚ್ಚಬೇಕು. ಒಳಗೆ ಹೋಗುವಾಗ ಅಂಕಿ ಕೈಯಲ್ಲಿರಬೇಕು. ಅಂದಾಗ ಒಂದೇ ಭೇಟಿಯಲ್ಲಿ ಔಷಧ ಬದಲಾಗುತ್ತದೆ. ನನ್ನ ಪ್ರಕಾರ ಅರ್ಧ ಸುಧಾರಣೆ ಇಷ್ಟರಲ್ಲೇ ಅದ.

ನಮ್ಮ ಬಿಸಿಲಿನದೂ ಒಂದು ತಕರಾರು. ಹೆಚ್ಚಿನ ಸಕ್ಕರೆ ಸ್ಟ್ರಿಪ್‌ಗಳನ್ನು 30 ಡಿಗ್ರಿಯೊಳಗೆ ಇಡಬೇಕು. ಇಲ್ಲಿ ಏಪ್ರಿಲ್‌ನಲ್ಲಿ ನಲವತ್ತು ದಾಟುತ್ತದೆ. ಕಿಟಕಿ ಪಕ್ಕದ ಡಬ್ಬಿ ಸುಳ್ಳು ಹೇಳಬಹುದು. ರಕ್ತಹೀನತೆ ಇದ್ದವರಲ್ಲೂ ಕೆಲವು ಮೀಟರ್ ಸಕ್ಕರೆಯನ್ನು ಹೆಚ್ಚು ತೋರಿಸುತ್ತವೆ. ಅನುಮಾನ ಬಂದರೆ ಲ್ಯಾಬಿಗೇ ಕಳಿಸಬೇಕು, ಅವಸರ ಮಾಡಬಾರದು.

ಮುಂದಿನ ಸಲ ಚೀಟಿ ಮಾಡಿಸುವಾಗಲೇ ಕೇಳಿ ನೋಡಿ: "ಸಿಸ್ಟರ್, ಮೂರು ತಿಂಗಳ ಶುಗರ್ ಟೆಸ್ಟ್ ಇಲ್ಲೇ ಮಾಡ್ತೀರೇನ್ರಿ?" ಅದಕ್ಕೆ ಉಪವಾಸ ಬೇಕಿಲ್ಲ. ರೊಟ್ಟಿ ತಿಂದೇ ಬಸ್ ಹತ್ತಬಹುದು.